ಗೂಬೆ, ಬೀಗ ಮತ್ತು ಬಿಚ್ಚದ ಡಬ್ಬಿ

ಜೆರಾಕ್ಸ್ ಯಂತ್ರ ರಿಪೇರಿ ಮಾಡುವ ಆ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇರಲೇಬೇಕು. ಆದರೆ ಅವನ ಅಂಗಡಿಯಿರುವ ಬೀದಿಯಲ್ಲಿ ಅದು ಯಾರಿಗೂ ನೆನಪಿಲ್ಲ. ಎಲ್ಲರ ಬಾಯಲ್ಲೂ ಅವನು ಡಬ್ಬಣ್ಣ. ಅಂಗಡಿಯ ಮುಂಭಾಗದಲ್ಲಿ ಹೊಟ್ಟೆ ಬಿಚ್ಚಿಕೊಂಡು ಕೂತ ಯಂತ್ರಗಳು, ಎಲ್ಲೆಲ್ಲೂ ಕಪ್ಪು ಪುಡಿ. ಹಿಂದಿನ ಕೋಣೆಗೆ ಕಾಲಿಟ್ಟರೆ ಬೇರೆಯೇ ಲೋಕ: ನೆಲದಿಂದ ಸೂರಿನವರೆಗೆ ಹಳೆಯ ಕಂಪ್ಯೂಟರ್ ಗೇಮ್‌ಗಳ ಡಬ್ಬಿಗಳು. ಈಗಿನವರಿಗೆ ಗೇಮ್ ಎಂದರೆ ಗಾಳಿಯಲ್ಲಿ ಇಳಿದು ಬರುವ ವಸ್ತು. ಆಗ ಹಾಗಿರಲಿಲ್ಲ. ದಪ್ಪ ರಟ್ಟಿನ ಡಬ್ಬಿಯೊಳಗೆ ಫ್ಲಾಪಿ, ಪುಸ್ತಿಕೆ, ನಕ್ಷೆ ಎಲ್ಲವೂ ಸೇರಿ ಬರುತ್ತಿತ್ತು, ಅಂಗಡಿಯಿಂದ ಮನೆಗೆ ಎದೆಗವಚಿಕೊಂಡು ತರಬೇಕಿತ್ತು.

ಡಬ್ಬಣ್ಣ ಕೂಡಿಡುವುದಷ್ಟೇ ಅಲ್ಲ, ಬೆಲೆಯನ್ನೂ ಕಟ್ಟುತ್ತಿದ್ದ. ಪೇಟೆಯ ಒಡವೆ ಅಂಗಡಿಯ ಯಜಮಾನರೂ ಸೇರಿದಂತೆ ಈ ಹುಚ್ಚು ಹತ್ತಿದ ನಾಲ್ಕಾರು ಮಂದಿ ಅವನ ಮಾತನ್ನು ಕೋರ್ಟಿನ ತೀರ್ಪಿನಂತೆ ಕೇಳುತ್ತಿದ್ದರು. ಡಬ್ಬಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆ ಕಾರ್ಖಾನೆಯದೋ, ಯಾರೋ ಕಿಲಾಡಿ ಆಮೇಲೆ ಹೊದಿಸಿದ್ದೋ ಎಂದು ಅವನು ಅಂಚಿನ ಬೆಸುಗೆ ನೋಡಿಯೇ ಹೇಳುತ್ತಿದ್ದ. ಆಮೇಲೆ ತಕ್ಕಡಿಯಲ್ಲಿಟ್ಟು ತೂಗಿ, ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ, ಒಳಗೆ ಏನೇನಿದೆ ಎಂದು ವರದಿ ಒಪ್ಪಿಸುತ್ತಿದ್ದ. "ಇವರು ನನ್ನ ಎದೆಬಡಿತಾನೂ ಇಷ್ಟು ಗಮನ ಕೊಟ್ಟು ಕೇಳಿಲ್ಲ" ಎಂದು ಅವನ ಹೆಂಡತಿ ಬಂದವರ ಮುಂದೆ ಹೇಳುತ್ತಿದ್ದಳು. ಅವನ ಧರ್ಮಶಾಸ್ತ್ರದಲ್ಲಿ ಇದ್ದದ್ದು ಒಂದೇ ಕಟ್ಟಳೆ: ಸೀಲ್ ಒಡೆಯಕೂಡದು. ಒಡೆದರೆ ಬೆಲೆ ಪಾತಾಳಕ್ಕೆ.

ಒಂದು ದಿನ ಮಧ್ಯಾಹ್ನ ಅವನ ಅಕ್ಕ ಅಂಗಡಿಗೆ ಬಂದಳು. ಅವಳು ಶಾಲೆಯ ವ್ಯಾನು ಓಡಿಸುವವಳು. ಬೆಳಿಗ್ಗೆ ಮಕ್ಕಳನ್ನು ಬಿಟ್ಟ ಮೇಲೆ ಸಂಜೆ ಕರೆತರುವವರೆಗೆ ಅವಳಿಗೆ ಬಿಡುವು. ವ್ಯಾನು ಬೀದಿಯ ತಿರುವಿನಲ್ಲಿರುವಾಗಲೇ ಅದರ ಕೆಮ್ಮು ಅಂಗಡಿಗೆ ಕೇಳಿಸುತ್ತಿತ್ತು. ಒಳಗೆ ಬಂದವಳೇ ಬಟ್ಟೆಯ ಚೀಲವನ್ನು ಮೇಜಿನ ಮೇಲಿಟ್ಟಳು.

"ಪುಸ್ತಕದಂಗಡಿ ತಾತ ಅಂಗಡಿ ಮುಚ್ತಿದ್ದಾರೆ. ಅವರ ಮೊಮ್ಮಕ್ಕಳು ನನ್ನ ವ್ಯಾನಲ್ಲೇ ಹೋಗೋದು. ಅಟ್ಟದ ಮೇಲೆ ಏನು ಬೇಕೋ ತಗೊಂಡು ಹೋಗಮ್ಮ ಅಂದ್ರು. ನೋಡು, ಇದು ಅದೇನಾ?"

ಡಬ್ಬಣ್ಣ ಚೀಲದೊಳಗೆ ಇಣುಕಿದ.

ಅದೇ. ಮುಚ್ಚಿದ ಕರಿ ಬಾಗಿಲು, ಬಾಗಿಲಿನ ಕೆಳಗಿನ ಸಂದಿಯಿಂದ ಸೋರುವ ನೀಲಿ ಬೆಳಕು. ಚಿಕ್ಕಂದಿನಲ್ಲಿ ಚಿಕ್ಕಪ್ಪನ ಆಫೀಸಿನ ಕಂಪ್ಯೂಟರಿನಲ್ಲಿ ಆ ಗೇಮ್ ಇತ್ತು. ಯಾರಿಂದಲೋ ಕಾಪಿ ಹೊಡೆದು ತಂದ ಬರಿಯ ಫ್ಲಾಪಿ, ಡಬ್ಬಿಯಿಲ್ಲ, ಪುಸ್ತಿಕೆಯಿಲ್ಲ. ಶುರುವಿನಲ್ಲೇ ಈ ಬಾಗಿಲು ಬರುತ್ತಿತ್ತು, ಕೆಳಗೊಂದು ಪ್ರಶ್ನೆ. ನಿಮ್ಮ ಚಕ್ರದಲ್ಲಿ ಕಾಗೆಯನ್ನು ಕತ್ತಿಯ ಜೊತೆ ಕೂಡಿಸಿದರೆ ಕಿಂಡಿಯಲ್ಲಿ ಕಾಣುವ ಪದ ಯಾವುದು? ಹಂಸವನ್ನು ಗಂಟೆಯ ಜೊತೆ ಕೂಡಿಸಿದರೆ? ಪ್ರತಿ ಸಲವೂ ಬೇರೆ ಜೋಡಿ. ಕಾಸು ಕೊಟ್ಟು ಕೊಂಡವರಿಗೆ ಡಬ್ಬಿಯಲ್ಲಿ ರಟ್ಟಿನ ಚಕ್ರವೊಂದು ಸಿಗುತ್ತಿತ್ತು, ಅದನ್ನು ತಿರುಗಿಸಿ ಹಕ್ಕಿಯ ಚಿತ್ರವನ್ನು ವಸ್ತುವಿನ ಚಿತ್ರಕ್ಕೆ ಹೊಂದಿಸಿದರೆ ಪುಟ್ಟ ಕಿಂಡಿಯಲ್ಲಿ ಉತ್ತರದ ಪದ ಕಾಣುತ್ತಿತ್ತು; ಕದ್ದು ಆಡುವವರನ್ನು ಹೊರಗಿಡಲು ಕಂಪನಿ ಹೂಡಿದ ಉಪಾಯ ಅದು. ಮೂರು ತಪ್ಪು ಉತ್ತರ ಕೊಟ್ಟರೆ ಪರದೆ ಕಪ್ಪಾಗುತ್ತಿತ್ತು. ಆ ರಜೆಯಿಡೀ ಅಕ್ಕ ತಮ್ಮ ತಮಗೆ ಗೊತ್ತಿದ್ದ ಪದಗಳನ್ನೆಲ್ಲ ಒತ್ತಿದರು. ಬಾಗಿಲು ಎಳ್ಳಷ್ಟೂ ಜಗ್ಗಲಿಲ್ಲ. ಆಚೆ ಸಮುದ್ರವಿದೆ ಎಂದು ಅಕ್ಕ, ಗಾಜಿನ ಅರಮನೆ ಇದೆ ಎಂದು ತಮ್ಮ. ಇಬ್ಬರ ತಲೆಕೂದಲು ನರೆತರೂ ಆ ಜಗಳಕ್ಕೆ ಮಾತ್ರ ವಯಸ್ಸಾಗಿರಲಿಲ್ಲ.

ಕೀಲಿಮಣೆಯ ಮುಂದೆ ಯಾವಾಗಲೂ ತಮ್ಮನೇ ಕೂರುತ್ತಿದ್ದ, ಅಕ್ಕ ಕುರ್ಚಿಯ ಹಿಂದೆ ನಿಂತಿರುತ್ತಿದ್ದಳು. ಬೇರೆ ಗೇಮ್‌ಗಳಲ್ಲಂತೂ ಅವಳು ನೀರು ಕುಡಿದು ಬರುವಷ್ಟರಲ್ಲಿ ಇವನು ಆಟವನ್ನೇ ಮುಗಿಸಿ, ಕೊನೆಯಲ್ಲಿ ಏನಾಯಿತೆಂದು ಕಥೆ ಹೇಳುತ್ತಿದ್ದ.

ಡಬ್ಬಣ್ಣ ಕೈ ತೊಳೆದು ಬಂದು ಬಿಳಿ ಕೈಗವಸು ತೊಟ್ಟ. ಬೆಸುಗೆ ನೋಡಿದ, ಮೂಲೆಗಳನ್ನು ಸವರಿದ, ತೂಗಿದ, ಕಿವಿಗೆ ಹಿಡಿದ. ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

"ಅಕ್ಕ, ಇದು ಅಸಲಿ. ಸೀಲ್ ಇರೋದು ಇನ್ನೊಂದು ಎಲ್ಲೂ ಇದೆ ಅಂತ ನಾನು ಕೇಳಿಲ್ಲ. ಒಳಗೆ ಎಲ್ಲಾ ಇದೆ. ಚಕ್ರಾನೂ ಇದೆ, ಮೆಲ್ಲಗೆ ಸರಿದಾಡೋದು ಕಿವಿಗೆ ಕೇಳುತ್ತೆ."

"ಬೆಲೆ ಎಷ್ಟು ಬರುತ್ತೆ?"

"ನಿನ್ನ ವ್ಯಾನಿಗೆ ಹೊಸ ಇಂಜಿನ್, ನಾಲ್ಕೂ ಟೈರು. ಆಮೇಲೂ ಮಿಗುತ್ತೆ. ಒಡವೆ ಅಂಗಡಿಯವರಿಗೆ ಒಂದು ಮಾತು ಹೇಳಿದ್ರೆ ಸಾಕು, ಓಡಿ ಬರ್ತಾರೆ."

"ಬಿಚ್ಚಿದ್ರೆ?"

"ಬಿಚ್ಚಿದ್ರೆ ಒಂದು ಟೈರಿನ ಗಾಳಿ."

ಅಕ್ಕ ನಗಲಿಲ್ಲ. ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು. "ಹಾಗಾದ್ರೆ ಬಿಚ್ಚು."

ಡಬ್ಬಣ್ಣನ ಜೀವ ಬಾಯಿಗೆ ಬಂತು. ಅವನು ಬೇಡಿಕೊಂಡ, ಗದರಿದ, ವ್ಯಾನಿನ ಕೆಮ್ಮನ್ನು ನೆನಪಿಸಿದ. ಮಾರುವುದು ಬೇಡವೆಂದರೆ ಗಾಜಿನ ಕಪಾಟಿನಲ್ಲಿಟ್ಟು ಪೂಜೆ ಮಾಡುವೆನೆಂದೂ ಹೇಳಿದ. ಅಕ್ಕ ಹಿಡಿದ ಪಟ್ಟು ಬಿಡಲಿಲ್ಲ.

"ವ್ಯಾನು ಕೆಮ್ಕೊಂಡೇ ಇನ್ನೂ ನಾಲ್ಕು ವರ್ಷ ಓಡುತ್ತೆ. ಮಾರಿದ್ರೆ ಅವರೂ ಬಿಚ್ಚಲ್ಲ, ನೀನಂತೂ ಬಿಚ್ಚಲ್ಲ. ಎಲ್ಲರೂ ಬಾಗಿಲ ಹೊರಗೇ ನಿಂತಿರೋದಕ್ಕೆ ಇಷ್ಟು ದುಡ್ಡು ಯಾಕೆ ಕೊಡ್ತೀರೋ? ನಾನು ಚಿಕ್ಕೋಳಾಗಿದ್ದಾಗಿಂದ ಆಚೆ ಏನಿದೆ ನೋಡ್ಬೇಕು ಅಂತಿದ್ದೀನಿ. ನೀನು ಬಿಚ್ಚದೆ ಹೋದ್ರೆ ನಾನೇ ಹಲ್ಲಲ್ಲಿ ಕಚ್ತೀನಿ."

ಹಲ್ಲಿನ ಮಾತು ಕೇಳಿದ ಮೇಲೆ ಅವನು ತಾನೇ ಬ್ಲೇಡು ತೆಗೆದುಕೊಂಡ. ಮುಳ್ಳು ತೆಗೆಯುವವನಂತೆ ತುಟಿ ಕಚ್ಚಿ ಹೊದಿಕೆ ಸೀಳಿದ. ಮುಚ್ಚಳ ಎತ್ತಿದಾಗ ಹಳೆಯ ಶಾಯಿಯ, ಹೊಸ ರಟ್ಟಿನ ವಾಸನೆ ಗಮ್ಮೆಂದಿತು. ಇಬ್ಬರೂ ಒಟ್ಟಿಗೆ ಮೂಗು ಹಾಕಿ ತಲೆಗೆ ತಲೆ ಢಿಕ್ಕಿ ಹೊಡೆದುಕೊಂಡರು. ಫ್ಲಾಪಿಗಳು ಬಂದವು. ಪುಸ್ತಿಕೆ ಬಂತು. ಆಮೇಲೆ ಬಂದದ್ದು ದಪ್ಪ ರಟ್ಟಿನ ಕಾರ್ಡೊಂದು: ಇದೇ ಕಂಪನಿಯ ಮುಂದಿನ ಗೇಮ್‌ಗಳ ಜಾಹೀರಾತು.

ಡಬ್ಬಿ ಖಾಲಿಯಾಗಿತ್ತು. ಅವನು ಅದನ್ನು ಬೋರಲು ಹಾಕಿ ತಟ್ಟಿದ. ಚಕ್ರ ಇರಲಿಲ್ಲ. ಕಾರ್ಖಾನೆಯಲ್ಲಿ ಯಾರೋ ಹಾಕಲು ಮರೆತಿದ್ದರು. ಅವನ ಹೆಸರಾಂತ ಕಿವಿಗೆ ಸರಿದಾಡಿ ಕೇಳಿಸಿದ್ದು ಜಾಹೀರಾತು. ಡಬ್ಬಣ್ಣ ತಲೆಯ ಮೇಲೆ ಕೈ ಹೊತ್ತು ಸ್ಟೂಲಿನ ಮೇಲೆ ಕುಸಿದ. ಬೆಲೆಯೂ ಹೋಯಿತು, ಬಾಗಿಲೂ ಹೋಯಿತು. ಅಕ್ಕನ ಹೊಸ ಇಂಜಿನ್ನನ್ನು ತನ್ನ ಕೈಯಾರೆ ಸೀಳಿ ಹಾಕಿದಂತಾಯಿತು.

ಅಕ್ಕ ಮಾತ್ರ ಪುಸ್ತಿಕೆ ತಿರುವಿ ಹಾಕುತ್ತಿದ್ದಳು. "ಏಯ್, ಇಲ್ಲಿ ನೋಡು. ಚಕ್ರ ತಿರುಗಿಸೋದು ಹೇಗೆ ಅಂತ ಒಂದು ಉದಾಹರಣೆ ಕೊಟ್ಟಿದ್ದಾರೆ. ಗೂಬೆಯನ್ನ ಬೀಗದ ಜೊತೆ ಕೂಡಿಸಿ, ಕಿಂಡಿಯಲ್ಲಿ 'ಕಂದೀಲು' ಅಂತ ಕಾಣುತ್ತೆ, ಅದನ್ನ ಒತ್ತಿ."

"ಅದು ಒಂದೇ ಒಂದು ಜೋಡಿ ಅಕ್ಕ. ಎಷ್ಟೊಂದು ಜೋಡಿ ಇವೆ."

"ಒಂದು ಸಾಕಲ್ಲ. ಗೂಬೆ ಬೀಗ ಬರೋವರೆಗೂ ಹಾಕ್ತಾ ಇರೋಣ, ತೆಗೀತಾ ಇರೋಣ. ನನಗೆ ಸಿಗ್ನಲ್ಲಲ್ಲಿ ಕಾದು ಅಭ್ಯಾಸ."

ಅವನು ಸ್ಟೂಲಿನಿಂದ ಎದ್ದ ವೇಗಕ್ಕೆ ಸ್ಟೂಲೇ ಉರುಳಿತು. ಇಷ್ಟು ಸುಲಭದ ಮಾತು ತನ್ನ ತಲೆಗೆ ಹೊಳೆಯಲಿಲ್ಲವಲ್ಲ ಎಂಬ ನಾಚಿಕೆಗೂ ಅವನಿಗೆ ಬಿಡುವಿರಲಿಲ್ಲ. ಮೂಲೆಯ ಹಳೆಯ ಕಂಪ್ಯೂಟರಿನ ಮೇಲಿನ ಬಟ್ಟೆ ಕಿತ್ತು, ಫ್ಲಾಪಿ ತೂರಿಸಿದ. ಯಂತ್ರ ಕಟಕಟ ಎಂದು ಹಲ್ಲು ಕಡಿಯಿತು. ಇಷ್ಟು ವರ್ಷ ಸುಮ್ಮನೆ ಬಿದ್ದಿದ್ದ ಫ್ಲಾಪಿ ಓದಿಸಿಕೊಂಡೀತೇ? ಓದಿಸಿಕೊಂಡಿತು. ಕರಿ ಬಾಗಿಲು, ನೀಲಿ ಸಂದಿ. ಕೆಳಗೆ ಪ್ರಶ್ನೆ: ನವಿಲು ಮತ್ತು ಕೊಡಲಿ.

"ತೆಗಿ, ಮತ್ತೆ ಹಾಕು" ಎಂದಳು ಅಕ್ಕ, ಅದೇ ಹಳೆಯ ಜಾಗದಲ್ಲಿ, ಕುರ್ಚಿಯ ಹಿಂದೆ ನಿಂತು.

ಕಾಗೆ ಮತ್ತು ಗಂಟೆ. ಹದ್ದು ಮತ್ತು ಬೀಗ. ಬೀಗ ಬಂದಾಗ ಇಬ್ಬರೂ ಹಾರಿದರು, ಗೂಬೆಯಿಲ್ಲವೆಂದು ಕುಸಿದರು. ಆಮೇಲೆ ಗೂಬೆ ಬಂತು, ಜೊತೆಗೆ ಏಣಿ. ಅಕ್ಕ ಆ ಗೂಬೆಗೆ ದಾರಿಗಡ್ಡ ಬಂದ ಲಾರಿಯವನಿಗೆ ಬಯ್ಯುವಂತೆ ಬಯ್ದಳು. ಡಬ್ಬಣ್ಣನಿಗೆ ನಗು ತಡೆಯಲಾಗಲಿಲ್ಲ. ಪ್ರತಿ ಸಲ ಯಂತ್ರ ಕಟಕಟ ಎಂದಾಗಲೂ ಫ್ಲಾಪಿ ಸವೆಯುತ್ತದಲ್ಲ ಎಂದು ಅವನ ಕರುಳು ಚುರ್ರೆನ್ನುತ್ತಿತ್ತು. ಆದರೂ ನಿಲ್ಲಿಸೋಣ ಎಂಬ ಮಾತು ಬಾಯಿಗೆ ಬರಲಿಲ್ಲ. ಅಕ್ಕ ಆಗಾಗ ಗೋಡೆಯ ಗಡಿಯಾರದತ್ತ ನೋಡುತ್ತಿದ್ದಳು. ಶಾಲೆ ಬಿಡುವ ಹೊತ್ತು ಹತ್ತಿರವಾಗುತ್ತಿತ್ತು.

ಅಷ್ಟರಲ್ಲಿ ಮುಂಭಾಗದಲ್ಲಿ ಫೋನು ಹೊಡೆದುಕೊಂಡಿತು. ಫ್ಲಾಪಿ ಹಾಕಿ ತೆಗೆಯುವ ಕೆಲಸವನ್ನು ಅಕ್ಕನಿಗೆ ಒಪ್ಪಿಸಿ ಡಬ್ಬಣ್ಣ ಎದ್ದು ಹೋದ. ಒಡವೆ ಅಂಗಡಿಯ ಯಜಮಾನರು.

"ಡಬ್ಬಣ್ಣ, ಪುಸ್ತಕದಂಗಡಿ ಅಟ್ಟದಿಂದ ಏನೋ ಇಳೀತಂತೆ? ಸೀಲ್ ಇದೆಯಾ?"

"ಇತ್ತು ಸಾರ್. ಬಿಚ್ಚಿಬಿಟ್ವಿ."

"ನೀವಾ?" ಎಂದರು ಯಜಮಾನರು.

ಅದೇ ಹೊತ್ತಿಗೆ ಹಿಂದಿನ ಕೋಣೆಯಿಂದ ಅಕ್ಕನ ದನಿ ಬಂತು. "ಬಾರೋ ಬೇಗ."

ಅವನು ಫೋನಿಟ್ಟು ಓಡಿದ. ಪರದೆಯ ಮೇಲೆ ಗೂಬೆ. ಪಕ್ಕದಲ್ಲಿ ಬೀಗ. ಅಕ್ಕ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಎಲ್ಲಿ ಕೈ ತಾನಾಗಿಯೇ ಮುಂದೆ ಹೋಗಿಬಿಡುತ್ತದೋ ಎಂದು ಅವಳಿಗೇ ಅಂಜಿಕೆ ಇದ್ದಂತಿತ್ತು.

"ಯಾಕೆ, ಒತ್ತಲಿಲ್ವಾ?"

"ನೀನಿರ್ಲಿಲ್ವಲ್ಲ."

ಡಬ್ಬಣ್ಣ ಕುರ್ಚಿ ಎಳೆದು ಅವಳನ್ನು ಕೂರಿಸಿದ. ಅಕ್ಕ ಒಂದೊಂದೇ ಅಕ್ಷರ ಹುಡುಕಿ ಕಂದೀಲು ಎಂದು ಒತ್ತಿದಳು. ಯಂತ್ರ ಕಟಕಟ ಎಂದಿತು, ನಿಂತಿತು, ಮತ್ತೆ ಕಟಕಟ ಎಂದಿತು. ಬಾಗಿಲು ತೆರೆಯಿತು.

ಸಮುದ್ರ. ಪರದೆಯ ಈ ತುದಿಯಿಂದ ಆ ತುದಿಗೆ ನೀಲಿ ಗೆರೆಗಳು ಏಳುತ್ತಿದ್ದವು, ಬೀಳುತ್ತಿದ್ದವು. ದಡದಲ್ಲೊಂದು ಪುಟ್ಟ ದೋಣಿ. ಕೆಳಗೆ ಒಂದು ಸಾಲು: ದೋಣಿ ಹತ್ತುವಿರಾ?

"ಹೇಳ್ಲಿಲ್ವಾ ನಾನು" ಎಂದಳು ಅಕ್ಕ. ಅವಳ ಕಣ್ಣು ತುಂಬಿತ್ತು, ಮುಖ ಅರಳಿತ್ತು. ಸೋತವನಿಗೂ ಇಷ್ಟು ಖುಷಿಯಾಗಬಹುದು ಎಂದು ಡಬ್ಬಣ್ಣನಿಗೆ ಅಂದೇ ಗೊತ್ತಾದದ್ದು. ಇಬ್ಬರೂ ಆ ಅಲೆಗಳನ್ನು ಬಾಯಿ ಬಿಟ್ಟುಕೊಂಡು ನೋಡಿದರು.

ಅಕ್ಕ ಗಡಿಯಾರದ ಕಡೆ ತಿರುಗಿದವಳೇ ದಡಬಡ ಎದ್ದಳು. "ಅಯ್ಯೋ, ಮಕ್ಕಳು ಗೇಟಲ್ಲಿ ಕಾಯ್ತಿರ್ತಾವೆ." ಕೀಲಿಗೊಂಚಲು ಎತ್ತಿಕೊಂಡು ಬಾಗಿಲ ಹತ್ತಿರ ಹೋದವಳು ಒಮ್ಮೆ ನಿಂತಳು. "ಮುಂದೆ ಹೋಗ್ಬೇಡ ಅಂದ್ರೆ ನೀನು ಕೇಳೋನಲ್ಲ. ಆಡು. ಏನೇನಾಯ್ತು ಅಂತ ಆಮೇಲೆ ಹೇಳು."

ವ್ಯಾನು ಕೆಮ್ಮುತ್ತ ಹೋಯಿತು. ಡಬ್ಬಣ್ಣ ಕುರ್ಚಿಯಲ್ಲಿ ಕೂತ. ದೋಣಿ ಅಲೆಗೆ ಮೇಲೆ ಕೆಳಗೆ ಆಡುತ್ತಿತ್ತು. ಬೆರಳುಗಳು ಚಡಪಡಿಸಿದವು. ಒಂದೇ ಒಂದು ಕೀಲಿ ಒತ್ತಿದ್ದರೆ ಸಾಕಿತ್ತು. ಅವನು ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತ. ಮುಂಭಾಗಕ್ಕೆ ಗಿರಾಕಿ ಬಂದು ಕರೆದಾಗ, ಕರೆಂಟು ಹೋದೀತೆಂದು ಹೆದರಿ, ಯಂತ್ರವನ್ನು ಕಣ್ಣಲ್ಲೇ ಕಾಯುತ್ತ ಅಲ್ಲಿಂದಲೇ "ನಾಳೆ ಬನ್ನಿ" ಎಂದು ಕೂಗಿದ.

ಕೊನೆಯ ಮಗುವನ್ನೂ ಮನೆ ಸೇರಿಸಿದ ವ್ಯಾನು ಮತ್ತೆ ಬೀದಿಯ ತಿರುವಿನಲ್ಲಿ ಕೆಮ್ಮಿತು. ಡಬ್ಬಣ್ಣ ಕುರ್ಚಿ ಬಿಟ್ಟೆದ್ದು ಅದರ ಹಿಂದೆ ಹೋಗಿ ನಿಂತ. ಅಕ್ಕ ಒಳಗೆ ಬಂದು ಪರದೆಯನ್ನು ನೋಡಿದಳು, ಖಾಲಿ ಕುರ್ಚಿಯನ್ನು ನೋಡಿದಳು, ತಮ್ಮನನ್ನು ನೋಡಿದಳು. ದೋಣಿ ಇನ್ನೂ ದಡದಲ್ಲೇ ಇತ್ತು.