ಜಪದ ನಡುವೆ ಎದ್ದ ಅತ್ತೆ

ಜಪ ಮಾಡುತ್ತಿದ್ದ ನಮ್ಮ ಅತ್ತೆ ಜಪಸರವನ್ನು ದೇವರ ಮುಂದಿಟ್ಟು ತಟ್ಟನೆ ಎದ್ದರು. ಹಾಗೆ ನಡುವೆ ಏಳುವವರಲ್ಲ. ಮೈ ಸರಿಯಿಲ್ಲವೇನೋ ಎಂದು ಗಾಬರಿಯಾಗಿ ಹಿಂದೆಯೇ ಹೋದೆ. ಅವರು ನೇರವಾಗಿ ಪಕ್ಕದ ಮನೆಯ ಸರೋಜಮ್ಮನ ಬಾಗಿಲು ತಟ್ಟಿದರು. ಕಾಂಪೌಂಡ್ ಗೋಡೆಯ ವಿಷಯಕ್ಕೆ ಜಗಳವಾಗಿ ಚಿಂತಾಮಣಿ ಊರಿನ ನಮ್ಮ ಬೀದಿಯಲ್ಲಿ ನಮ್ಮೆರಡು ಮನೆಗಳ ಮಾತುಕತೆ ನಿಂತೇ ಹೋಗಿತ್ತು.

ಸರೋಜಮ್ಮ ಬಾಗಿಲು ತೆರೆದರು.

"ಆವತ್ತು ನಿನ್ನನ್ನ ಬಾಯಿಗೆ ಬಂದಂಗೆ ಅಂದ್ಬಿಟ್ಟೆ ಸರೋಜ. ತಪ್ಪಾಯ್ತು ಕಣಮ್ಮ," ಎಂದರು ಅತ್ತೆ.

ಸರೋಜಮ್ಮ ಬಾಗಿಲು ಹಾಕಿಕೊಂಡರು. ನನಗೇ ಅವಮಾನವಾದಂತಾಯಿತು.

"ಅವರು ಮಾತೇ ಆಡ್ಲಿಲ್ವಲ್ಲ ಅತ್ತೆ," ಎಂದೆ.

"ಅದು ಅವಳಿಗೆ ಬಿಟ್ಟಿದ್ದಮ್ಮ. ನನಗೆ ಬಾಯಲ್ಲಿ ರಾಮ, ಒಳಗೆಲ್ಲ ಅವಳ ಮೇಲಿನ ಸಿಟ್ಟು. ಅದನ್ನ ಇಟ್ಕೊಂಡು ಎಷ್ಟು ಜಪ ಮಾಡಿದ್ರೇನು?" ಎನ್ನುತ್ತ ಮನೆಗೆ ಬಂದು, ಕಾಲು ತೊಳೆದುಕೊಂಡು ಮತ್ತೆ ಜಪಕ್ಕೆ ಕೂತರು.

ಸರೋಜಮ್ಮ ಇಂದಿಗೂ ಮಾತಾಡುವುದಿಲ್ಲ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವಾಗ ಅವರು ಕಂಡರೆ ಅತ್ತೆ "ಚೆನ್ನಾಗಿದೀಯೇನಮ್ಮ?" ಎನ್ನುತ್ತಾರೆ, ಉತ್ತರಕ್ಕೆ ಕಾಯುವುದಿಲ್ಲ. ಚಿತ್ತಶುದ್ಧಿ ಎಂಬ ಮಾತನ್ನು ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದೆ. ಅದು ಎದುರಿನವರು ಕ್ಷಮಿಸುವವರೆಗೆ ಕಾದು ಕೂರುವುದಿಲ್ಲ ಎಂಬುದು ನನಗೆ ತಿಳಿದದ್ದು ಆ ಮುಚ್ಚಿದ ಬಾಗಿಲ ಮುಂದೆ.