ಗೆರೆಗೂ ಚೆಂಡಿಗೂ ನಡುವೆ ಒಂದು ಅಂಗೈ

ಎರಡು ವರ್ಷದ ಹಿಂದಿನ ಮಾತು. ಜನವರಿಯ ಕೊನೆಯ ಭಾನುವಾರ ಚಳ್ಳಕೆರೆಯ ಕಾಲೇಜು ಮೈದಾನದಲ್ಲಿ ಫುಟ್‌ಬಾಲ್ ಪಂದ್ಯಾವಳಿಯ ಫೈನಲ್ ಇತ್ತು. ಆಡುವವರು ಚಳ್ಳಕೆರೆ ಮತ್ತು ಮೊಳಕಾಲ್ಮೂರಿನ ತಂಡದವರು. ರೆಫರಿ ನಾನು.

ನಾನು ಚಳ್ಳಕೆರೆಯಲ್ಲೇ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ಎಂ.ಎಸ್ಸಿ. ಓದುವಾಗ ವಿಶ್ವವಿದ್ಯಾಲಯದ ಹುಡುಗಿಯರ ತಂಡದಲ್ಲಿ ಆಡುತ್ತಿದ್ದೆ. ಓದು ಮುಗಿದು ತಂಡ ಚದುರಿದ ಮೇಲೆ ರೆಫರಿ ಪರೀಕ್ಷೆ ಬರೆದು ಪಾಸಾದೆ. ಹೆಚ್ಚು ಮಾತಾಡುವ ಸ್ವಭಾವ ನನ್ನದಲ್ಲ. ಮನೆಯ ವಿಷಯವನ್ನಂತೂ ಹೊರಗೆ ಹೇಳುವುದೇ ಇಲ್ಲ. ಬಾಯಲ್ಲಿ ಸೀಟಿ ಇದ್ದರೆ ಮಾತಿನ ಅಗತ್ಯ ಬೀಳುವುದಿಲ್ಲ ಎಂಬುದೂ ಈ ಕೆಲಸ ನನಗೆ ಹಿಡಿಸಲು ಒಂದು ಕಾರಣ.

ಆ ವರ್ಷ ಸಂಘಟಕರು ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ 'ನಮ್ಮ ಭಾಗದಲ್ಲೇ ಮೊದಲ ಬಾರಿಗೆ ವಿಡಿಯೋ ತೀರ್ಪು' ಎಂದು ಹಾಕಿಸಿದ್ದರು. ಟಿ.ವಿ.ಯಲ್ಲಿ ವಿದೇಶದ ಪಂದ್ಯ ನೋಡಿ ಹುಟ್ಟಿದ ಆಸೆ ಅದು. ಅಲ್ಲಿ ಹತ್ತಾರು ಕ್ಯಾಮೆರಾ ಇರುತ್ತವೆ, ಅಷ್ಟಿದ್ದೂ ತಪ್ಪುಗಳಾಗುತ್ತವೆ. ಇಲ್ಲಿದ್ದದ್ದು ಒಂದೇ, ಮದುವೆ ವಿಡಿಯೋ ತೆಗೆಯುವ ಸ್ಟುಡಿಯೋ ಮಂಜಣ್ಣನದು. ಮೈದಾನದ ಒಂದು ಮೂಲೆಯಲ್ಲಿ, ಗೋಲು ಗೆರೆಗಿಂತ ನಾಲ್ಕು ಹೆಜ್ಜೆ ಹಿಂದೆ ಟ್ರ್ಯಾಕ್ಟರ್ ಟ್ರೇಲರ್ ನಿಲ್ಲಿಸಿ, ಅದರ ಮೇಲೆ ಸ್ಟ್ಯಾಂಡ್ ಹಾಕಿ ಕ್ಯಾಮೆರಾ ಕೂರಿಸಿದ್ದರು.

"ಕ್ಯಾಮೆರಾ ಗೆರೆಗೆ ನೇರವಾಗಿ ಇರಬೇಕಲ್ಲ, ಹಿಂದೆ ಯಾಕಿಟ್ಟಿದ್ದೀರಿ?" ಎಂದು ಕೇಳಿದೆ.

"ಮುಂದಿಟ್ರೆ ಎದುರಿನ ಬ್ಯಾನರ್ ಅರ್ಧ ಕಟ್ ಆಗ್ತೈತೆ ಮೇಡಂ. ಬ್ಯಾನರ್ ಕಾಣ್ಲಿಲ್ಲಾಂದ್ರೆ ಕಮಿಟಿಯೋರು ನನ್ನೇ ಕಟ್ ಮಾಡ್ತಾರೆ" ಎಂದು ಮಂಜಣ್ಣ ನಕ್ಕರು. ಪಂದ್ಯಕ್ಕೆ ಹೊತ್ತಾಗಿತ್ತು. ನಾನು ಸುಮ್ಮನಾದೆ. ಸುಮ್ಮನಾಗಬಾರದಿತ್ತು.

ಲೈನ್ಸ್‌ಮನ್‌ಗಳು ಇಬ್ಬರು. ಇಲ್ಲಿಯ ರೂಢಿಯಂತೆ ಒಂದೊಂದು ಊರಿನಿಂದ ಒಬ್ಬೊಬ್ಬರು. ಇವರು ಬಾವುಟ ಎತ್ತಿದರೆ ಅವರು ನಂಬುವುದಿಲ್ಲ, ಅವರೆತ್ತಿದರೆ ಇವರು. ಹಾಗಾಗಿ ಕಾರ್ನರ್ ಕಿಕ್ ಬಂದಾಗಲೆಲ್ಲ ನಾನೇ ಓಡಿಹೋಗಿ ಗೋಲು ಗೆರೆಯ ನೇರಕ್ಕೆ ನಿಲ್ಲುತ್ತಿದ್ದೆ.

ಕಾಂಪೌಂಡ್ ಗೋಡೆಯ ಮೇಲೆ ಒಂದು ಕಡೆ ಎಣ್ಣೆ ಮಿಲ್ಲಿನ ಊರಾದ ಚಳ್ಳಕೆರೆಯವರು, ಇನ್ನೊಂದು ಕಡೆ ರೇಷ್ಮೆ ಮಗ್ಗದ ಊರಿನಿಂದ ಎರಡು ಬಸ್ಸು ಮಾಡಿಕೊಂಡು ಬಂದಿದ್ದ ಮೊಳಕಾಲ್ಮೂರಿನವರು.

"ಮಗ್ಗ ಬಿಟ್ಟು ಸೀದಾ ಬಂದವ್ರೆ ಕಣ್ರಲೇ, ಕಾಲಿಗೆ ದಾರ ಸಿಕ್ಕಾಕ್ಕೊಂಡೈತೆ!" ಎಂದು ಈ ಕಡೆಯವರು ಕೂಗಿದರೆ, "ಎಣ್ಣೆ ಮಿಲ್ಲಿನೋರ ಕಾಲು ನೋಡ್ರಲೇ, ಚೆಂಡು ಜಾರ್ತಾನೇ ಐತೆ!" ಎಂದು ಆ ಕಡೆಯಿಂದ ಉತ್ತರ. ಎರಡಕ್ಕೂ ನನಗೆ ನಗು ಬಂದಿತ್ತು, ತೋರಿಸಲಿಲ್ಲ.

ಚಳ್ಳಕೆರೆ ಒಂದು ಗೋಲು ಮುಂದಿತ್ತು. ಕೊನೆಯ ಮೂರು ನಿಮಿಷ ಇದ್ದಾಗ ಮೊಳಕಾಲ್ಮೂರಿಗೆ ಕಾರ್ನರ್ ಸಿಕ್ಕಿತು. "ಕೊಟ್ಟರಾ ತಿಪ್ಪೇಶಾ!" ಎಂದು, ಹೊಡೆಯೋ ಎಂಬರ್ಥದಲ್ಲಿ, ಅವರ ಕಡೆಯವರು ತೆಲುಗಿನಲ್ಲಿ ಕೂಗಿದರು. ತಿಪ್ಪೇಶ ಅವರ ಒಂಬತ್ತನೇ ನಂಬರಿನ ಆಟಗಾರ, ಸಣಕಲು ಮೈಯ ಹುಡುಗ. ಎಲ್ಲರಿಗಿಂತ ಮೇಲೆ ಹಾರಿ ತಲೆಯಿಂದ ಹೊಡೆದ. ಚೆಂಡು ಗೋಲಿನ ಅಡ್ಡಕಂಬದ ತಳಕ್ಕೆ ಬಡಿದು ನೇರ ಕೆಳಗಿಳಿಯಿತು. ನೆಲ ಮುಟ್ಟುವ ಮೊದಲೇ, ಮೊಣಕಾಲಿನಷ್ಟು ಎತ್ತರದಲ್ಲಿ, ಚಳ್ಳಕೆರೆಯ ಗೋಲ್‌ಕೀಪರ್ ಅದನ್ನು ಬಾಚಿ ಹೊರಗೆಸೆದ.

ನಾನು ಗೆರೆಯ ನೇರಕ್ಕೇ ನಿಂತಿದ್ದೆ. ಗೆರೆಗೂ ಚೆಂಡಿಗೂ ನಡುವೆ ಒಂದು ಅಂಗೈಯಷ್ಟು ಜಾಗ ಸ್ಪಷ್ಟವಾಗಿ ಕಂಡಿತು. ಇಡೀ ಚೆಂಡು ಗೆರೆ ದಾಟಿದರೆ ಗೋಲು. ದಾಟಿತ್ತು. ಸೀಟಿ ಊದಿ, ಗೋಲು ಎಂದು ಮೈದಾನದ ನಡುವಿಗೆ ಕೈ ತೋರಿಸಿದೆ.

ಚಳ್ಳಕೆರೆಯವರ ಕಡೆಯ ಗೋಡೆಯ ಮೇಲೆ ಒಬ್ಬ ಎದ್ದು ನಿಂತು ಕೂಗಿದ: "ಲೇ, ಇವ್ರವ್ವ ಮೊಳಕಾಲ್ಮೂರೋಳು ಕಣ್ರಲೇ! ಅವ್ವನ ತವರಿಗೆ ಬಾಗಿನ ಕೊಟ್ಳು ನೋಡ್ರಿ!"

ಆ ಕಡೆಯ ಗೋಡೆ ಪೂರ್ತಿ ನಕ್ಕಿತು. ಆಮೇಲೆ "ಬಾಗಿನ, ಬಾಗಿನ" ಎಂದು ಚಪ್ಪಾಳೆ ತಟ್ಟತೊಡಗಿದರು.

ಮಾತು ನಿಜವೇ. ಅಪ್ಪನ ಊರು ಚಳ್ಳಕೆರೆ, ಅವ್ವ ಮೊಳಕಾಲ್ಮೂರಿನ ರೇಷ್ಮೆ ನೇಯುವ ಮನೆಯವಳು. ನಾನದನ್ನು ಬಚ್ಚಿಟ್ಟಿರಲಿಲ್ಲ, ಯಾರಿಗೂ ಹೇಳಿರಲೂ ಇಲ್ಲ. ಅಷ್ಟು ಜನರ ಬಾಯಲ್ಲಿ ಅವ್ವನ ತವರು ಕೇಳಿದಾಗ ಮುಖಕ್ಕೆ ಬಿಸಿ ಏರಿತು.

ಚಳ್ಳಕೆರೆಯ ನಾಯಕ ವಿಡಿಯೋ ಕೇಳಿದ. ಬಿಸಿಲಲ್ಲಿ ಪರದೆ ಕಾಣುವುದಿಲ್ಲವೆಂದು ಮಂಜಣ್ಣ ಸಣ್ಣ ಟಿ.ವಿ.ಯನ್ನು ಒಂದು ದೊಡ್ಡ ರಟ್ಟಿನ ಡಬ್ಬದೊಳಗೆ ಇಟ್ಟಿದ್ದರು. ನೋಡಬೇಕೆಂದರೆ ತಲೆಯನ್ನು ಡಬ್ಬದೊಳಗೆ ತೂರಿಸಬೇಕು. ತೂರಿಸಿದೆ. ಮೂರು ಸಲ ಹಿಂದೆ ಮುಂದೆ ಓಡಿಸಿ, ಗೋಲ್‌ಕೀಪರ್ ಕೈ ತಾಕಿದ ಗಳಿಗೆಗೆ ನಿಲ್ಲಿಸಿದರು. ಚಿತ್ರದಲ್ಲಿ ಚೆಂಡು ಬಿಳಿ ಗೆರೆಯ ಮೇಲೇ ಕೂತಂತಿತ್ತು.

"ಕಾಣ್ತೈತಲ್ಲ ಮೇಡಂ, ಗೆರೆ ಮೇಲೇ ಐತೆ" ಎಂದರು ಬೆನ್ನ ಹಿಂದೆ ನಿಂತಿದ್ದ ಕಮಿಟಿಯ ಕಾರ್ಯದರ್ಶಿ.

ಕ್ಯಾಮೆರಾ ಗೆರೆಗಿಂತ ಹಿಂದಿದೆ, ಎತ್ತರದಲ್ಲಿದೆ, ಚೆಂಡು ಗಾಳಿಯಲ್ಲಿದೆ, ಈ ಚಿತ್ರವನ್ನು ನಂಬುವಂತಿಲ್ಲ ಎಂಬುದು ಆ ಡಬ್ಬದೊಳಗೇ ನನಗೆ ಹೊಳೆದಿತ್ತು. ನಾನು ಪಾಠ ಮಾಡುವುದೇ ಅದನ್ನು. ಆದರೆ ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು: ವಿಡಿಯೋ ನೋಡಿಯೂ ಗೋಲು ಎಂದರೆ, ಅವ್ವನ ಊರಿಗಾಗಿ ಎನ್ನುತ್ತಾರೆ. ತಲೆ ಹೊರತೆಗೆದು, ಎರಡು ಕೈ ಅಡ್ಡ ಬೀಸಿದೆ. ಗೋಲಿಲ್ಲ.

ತಿಪ್ಪೇಶ ಹತ್ತಿರ ಬಂದ. ಕೂಗಾಡಲಿಲ್ಲ.

"ಮೇಡಂ, ನೀವು ಅಲ್ಲೇ ನಿಂತಿದ್ರಲ್ಲ. ನೀವು ನೋಡಿದ್ರಾ, ಇಲ್ವಾ?"

"ಆಟ ಮುಂದುವರಿಸಿ" ಎಂದೆ.

ಪಂದ್ಯ ಮುಗಿಯಿತು, ಕಪ್ಪು ಚಳ್ಳಕೆರೆಗೆ ಹೋಯಿತು. ಬಾಗಿನದ ಚಪ್ಪಾಳೆ ತಟ್ಟಿದ್ದ ಜನವೇ ನಾನು ಗೇಟು ದಾಟುವಾಗ "ನಮ್ಮೂರ ಹುಡುಗಿ ಅಂದ್ರೆ ಹಿಂಗಿರ್ಬೇಕು!" ಎಂದು ಜೈಕಾರ ಹಾಕಿದರು. ಅಣಕಕ್ಕಿಂತ ಆ ಜೈಕಾರ ಹೆಚ್ಚು ಚುಚ್ಚಿತು.

ಸಂಜೆ ಮನೆಗೆ ಹೋದಾಗ ಅವ್ವ ಶೇಂಗಾ ಸುಲಿಯುತ್ತ ಕೂತಿದ್ದಳು. ಪಂದ್ಯವನ್ನು ಮಂಜಣ್ಣನ ಚಾನೆಲ್ಲಿನಲ್ಲಿ ಮೊಬೈಲಿನಲ್ಲೇ ನೋಡಿದ್ದಳು. ಬಾಗಿನದ ಕೂಗೂ ಕೇಳಿಸಿರಬೇಕು.

"ಗೋಲಾಗಿತ್ತೇನೇ?"

"ಆಗಿತ್ತವ್ವ."

ಅವಳ ಕೈ ನಿಂತಿತು. "ಹಂಗಾದ್ರೆ ನಾನು ಅಡ್ಡ ಬಂದ್ನಾ?"

ಪಕ್ಷಪಾತಿ ಎನಿಸಿಕೊಳ್ಳಬಾರದೆಂದು ನಾನು ಪಕ್ಷಪಾತ ಮಾಡಿದ್ದೆ. ಅಷ್ಟರಲ್ಲಿ, ನಾನು ಮೊದಲು ಗೋಲು ಕೊಟ್ಟಾಗ ತಿಪ್ಪೇಶ ಎರಡೂ ಕೈ ಎತ್ತಿ ಕುಣಿದ ವಿಡಿಯೋ ತುಣುಕೊಂದಕ್ಕೆ 'ಸುಳ್ಳು ಗೋಲು ತಿಪ್ಪೇಶ' ಎಂದು ಹೆಸರಿಟ್ಟು ಯಾರೋ ಹಂಚಿದ್ದರು. ಅದು ನನ್ನ ಮೊಬೈಲಿಗೂ ಬಂತು. ಸುಳ್ಳು ನನ್ನದು, ಹೆಸರು ಅವನದು. ಇದನ್ನು ಹೀಗೇ ಬಿಡಬಾರದೆಂದು ಆಗಲೇ ನಿಶ್ಚಯಿಸಿದೆ.

ಸೋಮವಾರ ಬೆಳಿಗ್ಗೆ ಆರೂವರೆಗೆ ಮಂಜಣ್ಣನನ್ನು ಮೈದಾನಕ್ಕೆ ಕರೆಸಿದೆ. ಗೆರೆಯ ಸುಣ್ಣ ಇನ್ನೂ ಅಳಿಸಿರಲಿಲ್ಲ. ಟ್ರೇಲರ್ ಚಕ್ರದ ಗುರುತೂ ಮಣ್ಣಿನಲ್ಲಿತ್ತು. ಆ ಗುರುತಿನ ಮೇಲೆ ಅವರ ಸ್ಟುಡಿಯೋದ ಏಣಿ ನಿಲ್ಲಿಸಿ, ಕ್ಯಾಮೆರಾ ಹಿಡಿದು ಮೊದಲಿನಷ್ಟೇ ಎತ್ತರಕ್ಕೆ ಹತ್ತಲು ಹೇಳಿದೆ. ಹುಡುಗರು ಕ್ರಿಕೆಟ್ ವಿಕೆಟ್ಟಿಗೆಂದು ಇಟ್ಟಿದ್ದ ಇಟ್ಟಿಗೆಗಳನ್ನು ಗೆರೆಯ ಆಚೆ, ಮೊಣಕಾಲೆತ್ತರ ಪೇರಿಸಿ, ಮೇಲೆ ಚೆಂಡು ಇಟ್ಟೆ. ಗೆರೆಗೂ ಚೆಂಡಿಗೂ ನಡುವೆ ಒಂದು ಅಂಗೈ ಜಾಗ ಬಿಟ್ಟೆ.

ಮಂಜಣ್ಣ ಫೋಟೋ ತೆಗೆದು ಇಳಿದು ಬಂದು ತೋರಿಸಿದರು. ಫೋಟೋದಲ್ಲಿ ಇಟ್ಟಿಗೆಯ ಬುಡ ಗೆರೆಯಾಚೆ ಇತ್ತು. ಅದರ ಮೇಲಿದ್ದ ಚೆಂಡು ಗೆರೆಯ ಮೇಲೆ ಬಂದು ಕೂತಿತ್ತು.

"ಇದು ಹಿಂಗೇ ಆಗೋದು ಮೇಡಂ" ಎಂದರು. "ಒಂದ್ಸಲ ತಳಕು ಊರ ಮದುವೇಲಿ ಸ್ಟೂಲ್ ಹತ್ತಿ ಹಾರ ಹಾಕೋದು ತೆಗ್ದೆ. ಫೋಟೋ ನೋಡಿದ್ರೆ ಮದುಮಗ ಹಾರ ಹಾಕಿರೋದು ಮದುಮಗಳ ತಂಗಿಗೆ! ಬೀಗರು ಎರಡು ದಿನ ಫೋನ್ ಮಾಡಿ ಬೈದ್ರು."

"ನಿಮಗೆ ಗೊತ್ತಿತ್ತಾ? ನಿನ್ನೆ ಯಾಕೆ ಹೇಳಲಿಲ್ಲ?"

"ನಿನ್ನೆ ಎಲ್ರೂ ವಿಡಿಯೋ ತೋರ್ಸು ಅಂದ್ರು, ತೋರಿಸ್ದೆ. ಅದು ಸರೀನಾ ಅಂತ ನನ್ನ ಯಾರು ಕೇಳಿದ್ರು ಮೇಡಂ?"

ಕೇಳಬೇಕಾಗಿದ್ದವಳು ನಾನೇ.

ಅವತ್ತೇ ಕಮಿಟಿಗೆ ವರದಿ ಬರೆದೆ. ಎರಡೇ ವಾಕ್ಯ: ನಾನು ಮೊದಲು ಕೊಟ್ಟ ತೀರ್ಪು ಸರಿಯಾಗಿತ್ತು. ಅದನ್ನು ಬದಲಾಯಿಸಿದ್ದು ನನ್ನ ತಪ್ಪು, ಆಟಗಾರರದಲ್ಲ. ಜೊತೆಗೆ ಫೋಟೋ ಇಟ್ಟೆ.

ಕಾರ್ಯದರ್ಶಿ ಫೋನ್ ಮಾಡಿದರು. "ಮದುವೆ ಮುಗಿದ್ಮೇಲೆ ವಾಲಗ ಊದಿದ್ರೆ ಯಾರು ಕೇಳ್ತಾರೆ ಮೇಡಂ? ನಿಮ್ ಹೆಸ್ರು ನೀವೇ ಯಾಕೆ ಕೆಡಿಸ್ಕೊಂತೀರ?"

"ಕೆಟ್ಟಿರೋದು ಬೇರೆಯವರ ಹೆಸರು ಸಾರ್. ವರದಿ ಹಿಂದಕ್ಕೆ ತಗೊಳ್ಳಲ್ಲ" ಎಂದೆ.

ಫೋಟೋವನ್ನು ಚಾನೆಲ್ಲಿಗೆ ಹಾಕುತ್ತೀರಾ ಎಂದು ಮಂಜಣ್ಣನನ್ನು ಕೇಳಿದೆ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡರು. "ನನ್ನ ಗಿರಾಕಿಗಳೆಲ್ಲ ಈ ಊರೋರೇ. ಆಗ್ಲಿ, ಹಾಕ್ತೀನಿ" ಎಂದು ಹಾಕಿದರು. ಕೆಳಗೆ ಬಂದ ಮಾತುಗಳಲ್ಲಿ ಐದನ್ನು ಓದಿ ಮೊಬೈಲ್ ಮುಚ್ಚಿಟ್ಟೆ.

ಮಂಗಳವಾರ ತರಗತಿಗೆ ಹೋದರೆ ಕಪ್ಪುಹಲಗೆಯ ಮೇಲೆ ಯಾರೋ ಗೋಲುಕಂಬ, ಚೆಂಡು ಬರೆದು, ಪಕ್ಕದಲ್ಲಿ ಒಂದು ಬಾಗಿನದ ಮೊರ ಬರೆದಿದ್ದರು. ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದರು. ನಾನು ಅಳಿಸಲಿಲ್ಲ. ಅದೇ ಚಿತ್ರಕ್ಕೆ ಗೆರೆ ಎಳೆದು, ಹಿಂದೊಂದು ಕ್ಯಾಮೆರಾ ಬರೆದು, ನೋಟದ ಕೋನ ಬದಲಾದರೆ ವಸ್ತುವಿನ ಜಾಗ ಹೇಗೆ ಬದಲಾದಂತೆ ಕಾಣುತ್ತದೆ ಎಂಬುದನ್ನು ಆ ಗಂಟೆ ಪೂರ್ತಿ ಪಾಠ ಮಾಡಿದೆ. ಕೊನೆಗೆ ಹಿಂದಿನ ಬೆಂಚಿನವನೊಬ್ಬ "ಅಂಗಾದ್ರೆ ಅದು ಗೋಲೇ ಅಲ್ವಾ ಮಿಸ್?" ಎಂದ. "ಗೋಲೇ" ಎಂದೆ.

ಬುಧವಾರ ಮಧ್ಯಾಹ್ನ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ತಳಕು ದಾಟಿ ಬಿ.ಜಿ. ಕೆರೆ ಬರುವವರೆಗೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಆಮೇಲೆ ಬಿಟ್ಟೆ. ಹೇಳಬೇಕಾದ್ದು ಒಂದೇ ಸಾಲು.

ಹುಡುಗರು ಕೆಲಸ ಮುಗಿಸಿ ಗುಡ್ಡದ ಬುಡದ ಬಯಲಿನಲ್ಲಿ ಅಭ್ಯಾಸ ಮಾಡುತ್ತಿದ್ದರು. ಅವರಿಗೆ ಆಟ ಕಲಿಸುವವರು ಓಬಯ್ಯ ಮೇಷ್ಟ್ರು, ನಿವೃತ್ತ ಶಿಕ್ಷಕರು. ನನ್ನನ್ನು ನೋಡಿ ಎಲ್ಲರೂ ನಿಂತರು. ತಿಪ್ಪೇಶನಿಗೆ ಫೋಟೋ ತೋರಿಸಿದೆ.

"ಗೋಲಾಗಿತ್ತು. ನಾನು ನೋಡಿದ್ದೆ."

ಅವನು ಫೋಟೋವನ್ನು ಬಹಳ ಹೊತ್ತು ನೋಡಿದ. "ನೋಡಿದ್ರಿ. ಮತ್ಯಾಕೆ ಇಲ್ಲ ಅಂದ್ರಿ?"

"ಹೆದರಿದೆ."

ಇನ್ನೊಬ್ಬ ಹುಡುಗ ಮುಂದೆ ಬಂದ. "ಕಪ್ ಅವ್ರತ್ರ ಐತೆ. ಈಗ ಬಂದು ಹೇಳಿದ್ರೆ ಏನ್ ಬಂತ್ರಿ?"

"ಏನೂ ಬರಲ್ಲ. ಆಟ ಮತ್ತೆ ಶುರುವಾದ ಮೇಲೆ ತೀರ್ಪು ಬದಲಾಯಿಸೋಕೆ ನಿಯಮ ಇಲ್ಲ. ತಪ್ಪು ನನ್ನದು ಅಂತ ನಿಮ್ಮೆದುರು ಹೇಳಬೇಕಿತ್ತು."

ತಿಪ್ಪೇಶ ಮೊಬೈಲ್ ತೆಗೆದ. "ಆ ಫೋಟೋ ನಂಗೆ ಕಳಿಸ್ರಿ. ಮೂರು ದಿನದಿಂದ ನಮ್ಮವ್ವಾನೂ ಕೇಳ್ತಾಳೆ, ಸುಳ್ಳು ಗೋಲಿಗೆ ಕುಣಿದ್ಯೇನೋ ಅಂತ." ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಓಬಯ್ಯ ಮೇಷ್ಟ್ರು ಮಾತ್ರ ಬಸ್ ನಿಲ್ದಾಣದವರೆಗೂ ಬಂದು ಟೀ ಕುಡಿಸಿದರು. "ನೀನು ಗೋಲು ಅಂದಾಗ ನಮ್ಮೂರ ಮಗಳು ಅಂತ ಕುಣಿದ್ವಿ. ಇಲ್ಲ ಅಂದಾಗ ಚಳ್ಳಕೆರೆಯೋಳು ಅಂತ ಬೈದ್ವಿ. ಚೆಂಡು ಎಲ್ಲಿತ್ತು ಅಂತ ಒಬ್ರೂ ಕೇಳ್ಲಿಲ್ಲ ತಾಯಿ" ಎಂದರು.

ಮರುವರ್ಷ ಪಂದ್ಯಾವಳಿ ಮೊಳಕಾಲ್ಮೂರಿನಲ್ಲಿ ನಡೆಯಿತು. ಕಾರ್ಯದರ್ಶಿಗಳೇ ಫೋನ್ ಮಾಡಿದರು. "ಓಬಯ್ಯ ಮೇಷ್ಟ್ರು ನೀವೇ ಬೇಕು ಅಂತಾರೆ. ನಮ್ಮೋರೂ ಒಪ್ಪಿದ್ರು, ಬೈಯೋಕೆ ಗುರುತಿರೋರೇ ಇರ್ಲಿ ಅಂತ."

"ಎರಡೂ ಗೋಲು ಗೆರೆಗೆ ನೇರವಾಗಿ ಒಂದೊಂದು ಕ್ಯಾಮೆರಾ ಇಡಿ. ಇಲ್ಲಾಂದ್ರೆ ವಿಡಿಯೋ ತೀರ್ಪು ಬೇಡ" ಎಂದು ಷರತ್ತು ಹಾಕಿದೆ. ಕ್ಯಾಮೆರಾ ಒಂದೇ ಇದ್ದದ್ದರಿಂದ ವಿಡಿಯೋ ತೀರ್ಪು ನಿಂತಿತು.

ಮತ್ತೆ ಅದೇ ಎರಡು ತಂಡ. ದ್ವಿತೀಯಾರ್ಧದಲ್ಲಿ ತಿಪ್ಪೇಶ ಹೊಡೆದ ಚೆಂಡನ್ನು ಗೋಲ್‌ಕೀಪರ್ ಗೆರೆಯ ಮೇಲೇ ಬಿದ್ದು ಹಿಡಿದ. ಮೊಳಕಾಲ್ಮೂರಿನ ಜನವೆಲ್ಲ ಗೋಲು ಎಂದು ಎದ್ದು ನಿಂತರು. ಚೆಂಡಿನ ಅರ್ಧ ಗೆರೆಯ ಮೇಲಿತ್ತು. ನಾನು ಕೈ ಅಡ್ಡ ಬೀಸಿದೆ. "ಈ ಸಲ ಅಪ್ಪನ ಊರಿಗೆ ಬಾಗಿನ!" ಎಂದು ಯಾರೋ ಕೂಗಿದರು.

ತಿಪ್ಪೇಶ ನನ್ನತ್ತ ಬಂದ.

"ನೋಡಿದ್ರಾ ಮೇಡಂ?"

"ನೋಡಿದೆ. ದಾಟಿಲ್ಲ."

ಒಂದು ಕ್ಷಣ ನನ್ನ ಮುಖವನ್ನೇ ನೋಡಿದ. ಆಮೇಲೆ ತನ್ನ ಊರಿನವರ ಕಡೆ ತಿರುಗಿ, "ಸುಮ್ನಿರ್ರಲೇ, ಅವ್ರು ನೋಡವ್ರೆ!" ಎಂದು ಗದರಿ, ತನ್ನ ಜಾಗಕ್ಕೆ ಓಡಿಹೋದ.

ಆ ಒಂದು ಕೂಗಿನಷ್ಟು ದೊಡ್ಡ ಪ್ರಮಾಣಪತ್ರ ನನಗೆ ಯಾವ ಪರೀಕ್ಷೆಯೂ ಕೊಟ್ಟಿಲ್ಲ. ಆದರೂ ಹಿಂದಿನ ವರ್ಷದ ಗೋಲು ಲೆಕ್ಕಕ್ಕೆ ಬರಲಿಲ್ಲ, ಬರುವುದೂ ಇಲ್ಲ. ಅದು ನೆನಪಿರಲೆಂದೇ ಪ್ರತಿ ಪಂದ್ಯಕ್ಕೂ ಮುಂಚೆ ಗೋಲು ಗೆರೆಯವರೆಗೆ ನಡೆದುಹೋಗಿ, ಸುಣ್ಣದ ಪಕ್ಕ ಅಂಗೈ ಊರಿ ನೋಡಿ ಬರುತ್ತೇನೆ. ಆಮೇಲೆ ಸೀಟಿ ಊದುತ್ತೇನೆ.