ಹುಲಿಗೆ ಹಚ್ಚಿದ ಹಳದಿ

ತಪ್ಪಾಯಿತು ಎನ್ನುವ ಒಂದು ಮಾತನ್ನು ನನ್ನ ತಂಗಿಗೆ ನಾನು ಹದಿಮೂರು ವರ್ಷ ಹೇಳಲಿಲ್ಲ. ಸಮಯ ಸಿಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಶಿರಸಿಯಿಂದ ಅವಳಿರುವ ಯಲ್ಲಾಪುರಕ್ಕೆ ಬೇಕಾದಷ್ಟು ಬಸ್ಸುಗಳಿವೆ. ಅವಳ ಮನೆಯಲ್ಲಿ ಉಂಡು ಬಂದ ದಿನಗಳೂ ಎಷ್ಟೋ ಇವೆ. ಪ್ರತಿ ಸಲ ಮಾತು ಗಂಟಲವರೆಗೆ ಬರುತ್ತಿತ್ತು, ಕೊನೆಯ ತುತ್ತು ಮಜ್ಜಿಗೆ ಅನ್ನದ ಜೊತೆ ಕೆಳಗಿಳಿದು ಹೋಗುತ್ತಿತ್ತು.

ಅದು ಮತ್ತೆ ಮೇಲೆ ಬಂದದ್ದು ಈಚೆಗೆ, ಒಂದು ಬೆಳಿಗ್ಗೆ. ಶಿರಸಿಯಲ್ಲಿ ನನ್ನದು ಬೋರ್ಡು ಬರೆಯುವ ಅಂಗಡಿ. ಫ್ಲೆಕ್ಸ್ ಬಂದ ಮೇಲೆ ಬೋರ್ಡು ಬರೆಸುವವರು ಕಡಿಮೆಯಾದರು. ಈಗ ಗಾಡಿಗಳ ನಂಬರ್ ಪ್ಲೇಟು, ಮದುವೆಗೆ ಕೊಡುವ ಪಾತ್ರೆಗಳ ಮೇಲೆ ಹೆಸರು, ಇಂಥವು. ಅವತ್ತು ಸಿದ್ದಾಪುರದ ಕಡೆ ಹೇರೂರಿನ ಇಬ್ಬರು ಹಿರಿಯರು ಒಂದು ಮರದ ಪೆಟ್ಟಿಗೆ ತಂದಿದ್ದರು. ಒಳಗೆ ನಾಣ್ಯಗಳು. ಮುಚ್ಚಳದ ಮೇಲೆ ಹೆಸರು ಬರೆಯಬೇಕಿತ್ತು. ನಾನು ಬ್ರಷ್ ಅದ್ದಿ ಮೊದಲ ಅಕ್ಷರ ಶುರು ಮಾಡಿದ್ದೆ. ಅಷ್ಟರಲ್ಲಿ ಪೆಟ್ಟಿಗೆಯ ಯಜಮಾನರು ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದು ಗೆಳೆಯನ ಮುಂದೆ ಹಿಡಿದರು. ಹೊರದೇಶದ ಯಾವುದೋ ಟಂಕಸಾಲೆಯ ನಾಣ್ಯ. ಬೆಳ್ಳಿಯ ಬಿಳುಪಿನ ಮೇಲೆ ಕೆಂಪು ಎದೆಯ ಒಂದು ಹಕ್ಕಿ, ಅದು ಕೂತ ಕೊಂಬೆಗೆ ಹಸಿರು ಎಲೆ.

"ಇದೆಂತ ನಾಣ್ಯನೋ ಮಾರಾಯಾ, ಬಿಸ್ಕತ್ ಪೊಟ್ಟಣದಲ್ಲಿ ಮಕ್ಕೊಗೆ ಕೊಡೋ ಬಿಲ್ಲೆ ಇದ್ದಾಂಗಿದ್ದು" ಎಂದರು ಗೆಳೆಯರು.

"ಇರ್ಲಿ ಬಿಡಾ, ಚೊಲೋ ಇದ್ದಲಾ. ಸಂಗ್ರಹ ಮಾಡವ್ಕೆ ಅಂತಲೇ ಮಾಡಿದ್ದು. ನಮ್ಮ ಸರ್ಕಾರನೂ ಮಾಡವು, ಮಾಡ್ಲೇಬೇಕು ಹೇಳ್ತೆ ಆನು" ಎಂದರು ಯಜಮಾನರು.

"ಅಚ್ಚು ಒತ್ತದು ಟಂಕಸಾಲೆ ಕೆಲಸ. ಬಣ್ಣ ಬಳಿಯದಲ್ಲ. ಬೇಕಾರೆ ಕೇಳು ಇವರನ್ನೇ." ಅವರು ನನ್ನ ಕಡೆ ತಿರುಗಿದರು. "ನೀವು ಬಣ್ಣದವರು. ನಾಣ್ಯಕ್ಕೆ ಬಣ್ಣ ಹಚ್ಚುದು ಸರಿಯಾ, ನೀವೇ ಹೇಳಿ."

"ನನಗ ಅಷ್ಟೆಲ್ಲ ತಿಳಿಯೂದಿಲ್ಲರಿ" ಎಂದೆ. ಬ್ರಷ್ ಹಿಡಿದ ಕೈ ನಿಂತುಹೋಗಿತ್ತು. ನೀವು ಓದುವವರು, ನಿಮ್ಮ ಹತ್ತಿರ ಮುಚ್ಚಿಡುವುದೇನು? ಈ ಮೂರು ತಾಲ್ಲೂಕಿನಲ್ಲಿ ಆ ಪ್ರಶ್ನೆಗೆ ಉತ್ತರ ಗೊತ್ತಿರಬೇಕಾದವನು ಯಾರಾದರೂ ಇದ್ದರೆ ಅದು ನಾನೇ. ಆ ಹೊರದೇಶದವರು ಯಾವಾಗ ಶುರು ಮಾಡಿದರೋ ತಿಳಿಯದು. ಶಿರಸಿಯಲ್ಲಂತೂ ನಾಣ್ಯಕ್ಕೆ ಮೊದಲು ಬಣ್ಣ ಹಚ್ಚಿದವನು ನಾನು.

ನಮ್ಮೂರು ದಾಸನಕೊಪ್ಪ. ಬನವಾಸಿ ಕಡೆ ಹೋಗುವ ರಸ್ತೆಗೆ ಅಪ್ಪನ ಕಿರಾಣಿ ಅಂಗಡಿ. ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟೆ. ಓದಲು ಕೂತರೆ ಅಕ್ಷರಗಳು ನನ್ನ ಕಣ್ಣಿಗೆ ಚಿತ್ರದ ಹಾಗೆ ಕಾಣುತ್ತಿದ್ದವು. "ಕ"ದ ಹೊಟ್ಟೆ ಎಷ್ಟು ದುಂಡಗಿದೆ ಎಂದು ನೋಡುತ್ತ ಕೂರುತ್ತಿದ್ದೆನೇ ಹೊರತು ಮುಂದಿನ ಅಕ್ಷರಕ್ಕೆ ಹೋಗುತ್ತಿರಲಿಲ್ಲ. ಮಾಸ್ತರಿಗೆ ಇದು ದಡ್ಡತನ, ಬೋರ್ಡು ಬರೆಯುವ ನನ್ನ ಉಸ್ತಾದರಿಗೆ ಇದೇ ಬುದ್ಧಿವಂತಿಕೆ. ಹಾಗೆ ನಾನು ಶಿರಸಿ ಸೇರಿದೆ. ತಂಗಿ ಸುಮಿತ್ರಾ ಓದಿದಳು. ನನಗಿಂತ ಐದು ವರ್ಷ ಚಿಕ್ಕವಳು. ಅಂಗಡಿಯ ಗಲ್ಲೆಪೆಟ್ಟಿಗೆಗೆ ಬಂದು ಬೀಳುವ ನಾಣ್ಯಗಳಲ್ಲಿ ಬೇಕಾದ್ದನ್ನು ಅಪ್ಪನ ಅಪ್ಪಣೆ ಪಡೆದು ಎತ್ತಿಡುತ್ತಿದ್ದಳು. ಆರು ಮೂಲೆಯ ಮೂರು ಪೈಸೆ, ನಡುವೆ ತೂತಿದ್ದ ಕಾಸು, ಕಮಲದ ಹೂವಿದ್ದ ಹಿತ್ತಾಳೆ ಬಣ್ಣದ ಇಪ್ಪತ್ತು ಪೈಸೆ. ಎಲ್ಲಕ್ಕಿಂತ ಮೇಲೆ, ಅಜ್ಜಿ ತನ್ನ ಎಲೆಯಡಿಕೆ ಸಂಚಿಯಿಂದ ತೆಗೆದುಕೊಟ್ಟ ಒಂದು ರೂಪಾಯಿ. ಸ್ವಾತಂತ್ರ್ಯ ಬಂದ ವರ್ಷದ್ದು. ಒಂದು ಬದಿಗೆ ರಾಜನ ತಲೆ, ಇನ್ನೊಂದು ಬದಿಗೆ ನಡೆಯುತ್ತಿರುವ ಹುಲಿ.

ಭಾನುವಾರ ನಾನು ಊರಿಗೆ ಹೋದರೆ ಅವಳು ಅಂಗಡಿಯ ಮೆಟ್ಟಿಲ ಮೇಲೆ ಬಿಸಿಲಿಗೆ ನಾಣ್ಯ ಹಿಡಿದು ಪಾಠ ಮಾಡುತ್ತಿದ್ದಳು.

"ಇಸವಿ ಕೆಳಗ ನೋಡು ಅಣ್ಣಾ. ನಕ್ಷತ್ರ ಇದ್ರ ಹೈದರಾಬಾದಿನ್ಯಾಗ ಒತ್ತಿದ್ದು. ಚುಕ್ಕಿ ಇದ್ರ ನೋಯ್ಡಾದ್ದು. ಏನೂ ಇರದಿದ್ರ ಕಲಕತ್ತಾದ್ದು."

"ಏನೂ ಇರದಿದ್ರ ಹೆಂಗ ಗೊತ್ತಾಕ್ಕೈತಿ?"

"ಏನೂ ಇಲ್ಲ ಅನ್ನೂದ ಅವರ ಗುರುತು. ಎಲ್ಲಾದ್ರಾಗೂ ಒಂದ್ ಏನರ ಬರದಿರಬೇಕು ನಿನಗ!"

ನಾನು ನಗುತ್ತಿದ್ದೆ. ಆ ಬಾಗಿದ ತಲೆ, ಕಿವಿಯ ಹಿಂದೆ ಸಿಕ್ಕಿಸಿದ ಜಡೆಯ ತುದಿ, ಉಗುರಿನಿಂದ ಇಸವಿಯ ಕೆಳಗೆ ತೋರಿಸುವ ಬೆರಳು. ನಾಣ್ಯದ ವಿಷಯ ನನಗೆ ಅರ್ಧವೂ ತಲೆಗೆ ಹೋಗುತ್ತಿರಲಿಲ್ಲ. ಆದರೆ ಬೇರೆ ಯಾರೂ ನನಗೆ ಅಷ್ಟು ತಾಳ್ಮೆಯಿಂದ ಏನನ್ನೂ ಕಲಿಸಲಿಲ್ಲ. ಈಗ ಆ ಮೆಟ್ಟಿಲ ಮೇಲೆ ಇನ್ನೊಂದು ಭಾನುವಾರ ಸಿಕ್ಕರೆ ಸಾಕು ಅನಿಸುತ್ತದೆ. ಅಂಗಡಿ ಮಾರಿಹೋಗಿ ವರ್ಷಗಳಾದವು. ಮೆಟ್ಟಿಲನ್ನು ರಸ್ತೆ ಅಗಲ ಮಾಡುವವರು ತೆಗೆದರು.

ಅವಳು ಕಾಲೇಜು ಮೊದಲ ವರ್ಷದಲ್ಲಿದ್ದಾಗ ಶಿರಸಿಯಲ್ಲಿ ಒಂದು ನಾಣ್ಯ ಪ್ರದರ್ಶನವಾಯಿತು. ನಡೆಸುತ್ತಿದ್ದವರು ಭೈರುಂಬೆಯ ಕಡೆಯ ಒಬ್ಬ ನಿವೃತ್ತ ಮಾಸ್ತರು. ಸುಮಿ ಅವರಿಗೆ ಕಾಗದ ಬರೆದು ತನ್ನ ನಾಣ್ಯಗಳಿಗೂ ಒಂದು ಮೇಜು ಕೇಳಿಕೊಂಡಿದ್ದಳು. ಬಾಗಿಲಿಗೆ ಕಟ್ಟುವ ಬಟ್ಟೆ ಬ್ಯಾನರ್ ಬರೆಯುವ ಕೆಲಸ ನಮ್ಮ ಅಂಗಡಿಗೆ ಬಂತು. ಉಸ್ತಾದರು ಅದನ್ನು ನನಗೆ ಬಿಟ್ಟರು. ನಾನೊಬ್ಬನೇ ಬರೆದ ಮೊದಲ ಬ್ಯಾನರ್ ಅದು.

ಸುಮಿ ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದದಲ್ಲಿ ದುಂಡಗೆ ಕಿಂಡಿ ಕತ್ತರಿಸಿ ಒಂದೊಂದರಲ್ಲಿ ಒಂದೊಂದು ನಾಣ್ಯ ಕೂರಿಸಿದ್ದಳು. "ಕೆಳಗ ಹೆಸರು ಅಷ್ಟ ಬರಿ ಅಣ್ಣಾ. ನನ್ನ ಅಕ್ಷರ ಚಂದಿಲ್ಲ. ನಾಣ್ಯ ಮುಟ್ಟಬ್ಯಾಡ ಮತ್ತ" ಎಂದು ನಾಲ್ಕು ದಿನ ಮೊದಲೇ ಎಲ್ಲವನ್ನೂ ನನ್ನ ಕೈಗೆ ಕೊಟ್ಟು ಹೋದಳು.

ಹೆಸರು ಬರೆದೆ. ಅಕ್ಷರಕ್ಕೆ ನೆರಳು ಕೊಟ್ಟೆ. ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ. ಬೋರ್ಡಿನಲ್ಲಿ ಎಲ್ಲಿಯೂ ಖಾಲಿ ಜಾಗ ಬಿಡಬಾರದು. ಮೂಲೆಗೊಂದು ಹೂವು, ಅಂಚಿಗೊಂದು ಬಳ್ಳಿ. ಖಾಲಿ ಕಂಡರೆ ಗಿರಾಕಿ ಕೆಲಸ ಅರ್ಧ ಮಾಡಿದ್ದಾನೆ ಅಂದುಕೊಳ್ಳುತ್ತಾನೆ ಎಂದು ಉಸ್ತಾದರು ಕಲಿಸಿದ್ದರು. ಬಣ್ಣದ ಅಕ್ಷರಗಳ ಮೇಲೆ ಆ ನಾಣ್ಯಗಳು ಬೂದಿ ಬಳಿದುಕೊಂಡ ಹಾಗೆ ಕಂಡವು. ಎಲ್ಲಕ್ಕಿಂತ ಸಣ್ಣ ಬ್ರಷ್ ತೆಗೆದುಕೊಂಡೆ. ಹುಲಿಗೆ ಹಳದಿ ಹಚ್ಚಿದೆ, ಒಣಗಿದ ಮೇಲೆ ಕಪ್ಪು ಪಟ್ಟೆ ಎಳೆದೆ. ಕಮಲಕ್ಕೆ ಗುಲಾಬಿ. ಇಪ್ಪತ್ತೈದು ಪೈಸೆಯ ಘೇಂಡಾಮೃಗಕ್ಕೆ ಯಾವ ಬಣ್ಣ ಎಂದು ಬಹಳ ಯೋಚಿಸಿದೆ. ಅದು ಮೊದಲೇ ಬೂದು. ಕೊನೆಗೆ ಅದರ ಕಾಲ ಕೆಳಗೆ ಹಸಿರು ಹುಲ್ಲು ಹಾಕಿದೆ. ಹೀಗೆ ಹನ್ನೊಂದು ನಾಣ್ಯ. ಕೈ ಒಂದು ಕೂದಲೆಳೆಯಷ್ಟೂ ನಡುಗಲಿಲ್ಲ.

ತಂಗಿಯ ಮೇಲಿನ ಪ್ರೀತಿಯಿಂದ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದರ್ಧ ಹೇಳುತ್ತೇನೆ. ಅವಳ ಮೇಜಿನ ಮುಂದೆ ಜನ ನಿಂತು, ಇದನ್ನು ಮಾಡಿದವರು ಯಾರು ಎಂದು ಕೇಳಬೇಕು, ಅವಳು ನನ್ನ ಕಡೆ ಕೈ ತೋರಿಸಬೇಕು ಅನ್ನುವ ಆಸೆ ಇತ್ತು.

ಕೇಳಿದರು. ಪ್ರದರ್ಶನದ ದಿನ ಸುಮಿ ಮೊದಲ ಬಸ್ಸಿಗೆ ಬಂದಳು. ನಾನು ಪೊಟ್ಟಣ ತಂದು ಮೇಜಿನ ಮೇಲಿಟ್ಟೆ. ಅವಳು ಕಾಗದ ಬಿಚ್ಚಿದಳು. ಮೊದಲು ಕಂಡದ್ದು ಹುಲಿ. ಅವಳು ಹೆಬ್ಬೆರಳಿನಿಂದ ಇಸವಿಯ ಮೇಲೆ ಮೆತ್ತಗೆ ಒರೆಸಿದಳು. ಎನಾಮಲ್ ಪೇಂಟು, ನಾಲ್ಕು ದಿನ ಒಣಗಿದ್ದು, ಹೋಗುತ್ತದೆಯೇ?

ಅಷ್ಟರಲ್ಲಿ ಮಾಸ್ತರು ಮೇಜುಗಳನ್ನು ನೋಡುತ್ತ ಅಲ್ಲಿಗೆ ಬಂದರು. ಕನ್ನಡಕ ಏರಿಸಿದರು. "ಅಯ್ಯೋ, ಇದೆಂತ ಮಾಡಿಟ್ಟಿದ್ದೀರಿ ಮಾರಾಯ್ರೆ? ಯಾರು ಮಾಡಿದ್ದು ಈ ಕೆಲಸ?"

ಸುಮಿ ನನ್ನನ್ನು ನೋಡಿದಳು. ನನ್ನ ಉಗುರಿನ ಸಂದಿಯಲ್ಲಿ ಆ ಹಳದಿ ಇನ್ನೂ ಇತ್ತು. ನಾನು ಕೈಯನ್ನು ಕಿಸೆಗೆ ಹಾಕಿಕೊಂಡೆ. ಹತ್ತು ನಿಮಿಷದ ಹಿಂದೆ ಇದೇ ಮಾಸ್ತರು ಬ್ಯಾನರ್ ನೋಡಿ ನಾಲ್ಕು ಜನರ ಎದುರು ನನ್ನ ಬೆನ್ನು ತಟ್ಟಿದ್ದರು.

"ನಾನ ಸರ್" ಎಂದಳು ಸುಮಿ. "ಚಂದ ಕಾಣ್ಲಿ ಅಂತ."

ಪಕ್ಕದ ಮೇಜಿನ ಹುಡುಗಿಯರು ಬಾಯಿ ಮುಚ್ಚಿಕೊಂಡು ನಕ್ಕರು. ಮಾಸ್ತರು ಕೆಟ್ಟವರಲ್ಲ. ಮೆಲ್ಲಗೇ ಹೇಳಿದರು. "ಸಂಗ್ರಹ ಮಾಡುವವರು ನಾಣ್ಯವನ್ನು ತೊಳೀಲಿಕ್ಕೂ ಅಂಜುತ್ತಾರೆ ತಂಗಿ. ನೀನು ಬಣ್ಣ ಬಳಿದೆಯಲ್ಲ! ಇದನ್ನು ಇಲ್ಲಿ ಇಡಲಿಕ್ಕೆ ಬರುವುದಿಲ್ಲ. ಬೇಜಾರು ಮಾಡ್ಕೋಬೇಡ."

ನಾನು ಆಗ ಎಲ್ಲಿದ್ದೆ ಎಂದು ಕೇಳುತ್ತೀರಿ. ಬ್ಯಾನರಿನ ಹಗ್ಗ ಸಡಿಲಾಗಿದೆ ಎಂದು ಯಾರಿಗೂ ಕೇಳಿಸದ ಹಾಗೆ ಹೇಳಿ ಹೊರಗೆ ಹೋಗಿದ್ದೆ. ಹಗ್ಗ ಬಿಗಿಯಾಗಿಯೇ ಇತ್ತು. ಅದನ್ನು ಬಿಚ್ಚಿ ಮತ್ತೆ ಕಟ್ಟಿದೆ.

ಬಸ್ ಸ್ಟ್ಯಾಂಡಿನವರೆಗೆ ಇಬ್ಬರೂ ಒಟ್ಟಿಗೆ ನಡೆದೆವು. ಬಸ್ಸು ಹತ್ತಿ ಕಿಟಕಿಯ ಹತ್ತಿರ ಕೂತ ಮೇಲೆ ಅವಳು ಒಂದೇ ಮಾತು ಹೇಳಿದಳು. "ಬ್ಯಾನರ್ ಚಂದ ಬರದೀ ಅಣ್ಣಾ." ಚುಚ್ಚಿ ಹೇಳಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ, ಜಗಳವಾಗಿ ಮುಗಿದುಹೋಗುತ್ತಿತ್ತು. ಅವಳು ನಿಜವಾಗಿಯೇ ಹೇಳಿದ್ದಳು.

ಮುಂದಿನ ಭಾನುವಾರ ಹೋದಾಗ ಅವಳು ಮೆಟ್ಟಿಲ ಮೇಲೆ ಇರಲಿಲ್ಲ. ನಾನು ಥಿನ್ನರ್ ಒಯ್ದಿದ್ದೆ. ಒರೆಸಿದರೆ ಮೇಲಿನ ಬಣ್ಣ ಹೋಯಿತು, ಗೆರೆಗಳ ಒಳಗಿನದು ಉಳಿಯಿತು. ಹುಲಿಗೆ ಕಾಮಾಲೆಯಾದ ಹಾಗೆ ಕಂಡಿತು. ಹಟ ಹಿಡಿದು ಬೂದಿ ಹಾಕಿ ತಿಕ್ಕಿದೆ. ಇಸವಿಯೇ ಸವೆದುಹೋಯಿತು. ಚಲಾವಣೆಯಲ್ಲಿದ್ದ ನಾಣ್ಯಗಳನ್ನು ಅವಳು ಗಲ್ಲೆಪೆಟ್ಟಿಗೆಗೆ ಹಾಕಿಬಿಟ್ಟಳು, ಉಳಿದದ್ದನ್ನು ಎಲ್ಲಿಟ್ಟಳೋ ಕೇಳಲಿಲ್ಲ. ಎರಡು ವರ್ಷದ ಮೇಲೆ ಶಿರಸಿಯಲ್ಲಿ ಒಬ್ಬ ಕಂಡಕ್ಟರ್ ಕೊಟ್ಟ ಚಿಲ್ಲರೆಯಲ್ಲಿ ಒಂದು ಘೇಂಡಾಮೃಗ ಬಂತು. ಕಾಲಬುಡದಲ್ಲಿ ಇಷ್ಟೇ ಇಷ್ಟು ಹಸಿರು. ಊರೆಲ್ಲ ಸುತ್ತಿ ನನ್ನನ್ನೇ ಹುಡುಕಿಕೊಂಡು ಬಂದಿತ್ತು. ಇಟ್ಟುಕೊಳ್ಳುವ ಧೈರ್ಯವಾಗಲಿಲ್ಲ. ಎದುರಿನ ಅಂಗಡಿಗೆ ಹೋಗಿ ಬೀಡಿ ಕೊಂಡು ಕೊಟ್ಟುಬಿಟ್ಟೆ.

ಅಂದಿನಿಂದ ಸುಮಿ ನಾಣ್ಯದ ಮಾತು ತೆಗೆಯಲಿಲ್ಲ. ಓದು ಮುಗಿಸಿದಳು, ಯಲ್ಲಾಪುರಕ್ಕೆ ಮದುವೆಯಾಗಿ ಹೋದಳು, ಅಲ್ಲಿಯೇ ಅಂಗನವಾಡಿ ಶಿಕ್ಷಕಿಯಾದಳು. ನನ್ನನ್ನು ಕಂಡರೆ ಅದೇ ಅಕ್ಕರೆ. ಆದರೆ ನನಗೆ ಏನನ್ನೂ ಕಲಿಸಲು ಮತ್ತೆ ಕೂರಲಿಲ್ಲ.

ಹೇರೂರಿನವರು ಪೆಟ್ಟಿಗೆ ತೆಗೆದುಕೊಂಡು ಹೋದ ಮೇಲೆ ನಾನು ಅಂಗಡಿಯ ಬಾಗಿಲು ಹಾಕಿ ಯಲ್ಲಾಪುರದ ಬಸ್ಸು ಹತ್ತಿದೆ. ಅಂಗನವಾಡಿ ಬಿಡುವ ಹೊತ್ತು. ಸುಮಿ ಒಂದು ಮಗುವಿನ ಚಪ್ಪಲಿಯ ಪಟ್ಟಿ ಹಾಕುತ್ತ ಜಗಲಿಯ ಮೇಲೆ ಕೂತಿದ್ದಳು. ಅಡುಗೆ ಮಾಡುವ ಸಹಾಯಕಿ ಪಾತ್ರೆ ತೊಳೆಯುತ್ತಿದ್ದಳು. ಬಂದ ಕಾರಣ ಹೇಳಲಾಗದೆ ನಾನು ಸುತ್ತಿ ಬಳಸಿ ಶುರು ಮಾಡಿದೆ.

"ಸುಮೀ, ಹೊರದೇಶದ ಟಂಕಸಾಲ್ಯಾಗ ಈಗ ನಾಣ್ಯಕ್ಕ ಬಣ್ಣ ಹಚ್ಚತಾರಂತ. ಸಂಗ್ರಹ ಮಾಡಾವ್ರಿಗೆ. ನಮ್ಮವರೂ ಹಚ್ಚಬೇಕೇನು?"

ಅವಳು ಚಪ್ಪಲಿಯಿಂದ ಕಣ್ಣು ತೆಗೆಯಲಿಲ್ಲ. "ಹಚ್ಚಲಿ ಬಿಡು. ಅವರ ನಾಣ್ಯ, ಅವರು ಹಚ್ಚತಾರ. ಹುಟ್ಟುವಾಗನ ಬಣ್ಣ ತಗೊಂಡ ಹುಟ್ಟಿದ್ದು ಅದು. ನೋಡಿ ನಾಕ್ ಹುಡುಗ್ರಿಗೆ ಆಸೆ ಬಂದ್ರ ಚಲೋನ ಆತಲ್ಲ." ಪಟ್ಟಿ ಬಿಗಿದು ಹೇಳಿದಳು, "ಬಣ್ಣ ಇಲ್ಲದ್ದೂ ಒಂದು ಒತ್ತಿ ಇಡಬೇಕು, ಅಷ್ಟ. ಬೆರಳ ಆಡಿಸಿದ್ರ ಗೆರಿ ಸಿಗಬೇಕು."

"ಎಂತ ಅಣ್ಣಾ, ಬೋರ್ಡಿನ ಅಂಗಡಿ ಬಿಟ್ಟು ನೋಟು ನಾಣ್ಯ ಮಾಡೂಕೆ ಹೊರಟ್ರಾ? ಪೊಲೀಸ್ರು ಬರ್ತ್ರು ನೋಡಿ!" ಎಂದಳು ಸಹಾಯಕಿ. ಮಕ್ಕಳನ್ನು ಕರೆದೊಯ್ಯಲು ಬಂದಿದ್ದ ಇಬ್ಬರು ತಾಯಂದಿರೂ ನಕ್ಕರು. ಸುಮಿಯೂ ನಕ್ಕಳು. ನಾನೂ ನಕ್ಕು ಚಹಾ ಕುಡಿದು ಎದ್ದು ಬರಬಹುದಿತ್ತು. ಪ್ರತಿ ಸಲ ಹಾಗೇ ಬಂದಿದ್ದೆ. ಇವರೆಲ್ಲ ಹೋಗಲಿ, ಒಬ್ಬಳೇ ಇದ್ದಾಗ ಹೇಳೋಣ ಅಂತಲೂ ಅನಿಸಿತು. ಆದರೆ ಅವತ್ತು ಅವಳು ತಲೆ ತಗ್ಗಿಸಿದ್ದು ನಾಲ್ಕು ಜನರ ಎದುರಿಗೆ. ನಾನು ಎದ್ದು ನಿಂತೆ. ಮಾತು ಬೇಕಾದ್ದಕ್ಕಿಂತ ಜೋರಾಗಿಯೇ ಬಂತು. ಪಾತ್ರೆಯ ಸದ್ದು ನಿಂತಿತು.

"ಅವತ್ತ ಆ ನಾಣ್ಯಕ್ಕೆಲ್ಲ ಬಣ್ಣ ಹಚ್ಚಿದಾವ ನಾನು. ಮುಟ್ಟಬ್ಯಾಡ ಅಂದಿದ್ದಿ, ಮುಟ್ಟಿದೆ. ಮಾಸ್ತರು ಕೇಳಿದಾಗ ನಾನ ಅಂತ ಹೇಳಲಿಲ್ಲ, ನಿನ್ನ ಒಬ್ಬಾಕಿನ್ನ ಬಿಟ್ಟು ಹೊರಗ ಹೋದೆ. ತಪ್ಪಾತ ಸುಮೀ. ನನ್ನಿಂದ ತಪ್ಪಾತು."